100 ಕೆ.ಜಿ. ಸ್ಕ್ವಾಟ್ ಮಾಡುವ ತಮ್ಮನಿಗೆ ಸ್ನ್ಯಾಚ್ ಕಲಿಸಬಹುದೇ?

ತೀರ್ಥಹಳ್ಳಿಯಲ್ಲಿ ಕಬಡ್ಡಿ ಆಡುವ ನಿಮ್ಮ ತಮ್ಮ 100 ಕೆ.ಜಿ. ಸ್ಕ್ವಾಟ್ ಮಾಡುತ್ತಾನೆ, ಅಂದರೆ ಅಷ್ಟು ಭಾರದ ಬಾರ್ (ಕಬ್ಬಿಣದ ಸರಳು) ಬೆನ್ನ ಮೇಲೆ ಹೊತ್ತು ಕೂತು ಏಳುತ್ತಾನೆ, ಆದ್ದರಿಂದ ವೇಟ್‌ಲಿಫ್ಟಿಂಗ್‌ಗೆ ಸಿದ್ಧನಿರಬೇಕು ಎಂದು ಬರೆದಿದ್ದೀರಿ. ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದಾಗ ಇದೇ ಮಾತು ಹೇಳಿ ನನ್ನನ್ನೂ ಸ್ನ್ಯಾಚ್‌ಗೆ, ಅಂದರೆ ಬಾರ್ ಅನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವುದಕ್ಕೆ, ಇಳಿಸಿದ್ದರು. ಅಡಿಕೆ ಮೂಟೆ ಹೊತ್ತು ಬೆಳೆದವನಾದ್ದರಿಂದ ಬಾರ್ ಬೆನ್ನ ಮೇಲಿದ್ದರೆ ಕೂತು ಏಳುವುದು ನನಗೆ ಕಷ್ಟವಾಗಿರಲಿಲ್ಲ. ಆದರೆ ಹಿಂದೆ ವಾಲಿಬಾಲ್ ಆಡುವಾಗ ಉಳುಕಿದ್ದ ಬಲಪಾದದ ನೋವು ಮಾಯವಾಗಿದ್ದರೂ ಕೀಲಿನ ಬಿಗಿತ ಹಾಗೆಯೇ ಉಳಿದಿತ್ತು.

ಬೆನ್ನ ಮೇಲೆ ಭಾರವಿದ್ದಾಗ ಸ್ವಲ್ಪ ಮುಂದಕ್ಕೆ ಬಾಗಿ ಈ ಬಿಗಿತವನ್ನು ಮರೆಸಿಬಿಡಬಹುದು. ಸ್ನ್ಯಾಚ್‌ನಲ್ಲಿ ಅದು ಸಾಧ್ಯವಿಲ್ಲ. ಬಾರ್ ತಲೆಯ ಮೇಲಿರುವಾಗ ಪೂರ್ತಿ ಕೂರಬೇಕು. ಪಾದದ ಕೀಲು ಬಿಗಿಯಾಗಿದ್ದು ಮಂಡಿ ಮುಂದೆ ಹೋಗದಿದ್ದರೆ ಎದೆ ಬಾಗುತ್ತದೆ, ಎದೆ ಬಾಗಿದರೆ ಬಾರ್ ಮುಂದೆ ಜಾರುತ್ತದೆ, ಅದನ್ನು ತಡೆಯಲು ಹೆಗಲು ತನ್ನ ಮಿತಿ ಮೀರಿ ಹಿಂದಕ್ಕೆ ಸರಿಯಬೇಕಾಗುತ್ತದೆ. ಬಾರ್ ಮುಂದೆ ಬಿದ್ದಾಗಲೆಲ್ಲ ಶಕ್ತಿ ಸಾಲದೆಂದು ತೀರ್ಮಾನಿಸಿ ನಾನು ಸ್ಕ್ವಾಟ್ ಹೆಚ್ಚಿಸುತ್ತ ಹೋದೆ. ಕಾಲು ಬಲವಾದಂತೆ ಇನ್ನೂ ಹೆಚ್ಚಿನ ಭಾರ ಅದೇ ತಪ್ಪು ಭಂಗಿಯಲ್ಲಿ ಹೆಗಲಿಗೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಕೈಯನ್ನು ತಲೆಯ ಮೇಲೆತ್ತಲೂ ಆಗದೆ ಅಂತರ ಕಾಲೇಜು ಸ್ಪರ್ಧೆ ತಪ್ಪಿತು.

ಘಟ್ಟದ ಕೆಳಗಿನ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಬಾರ್ ಅನ್ನು ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲೆ ಎತ್ತುವ ಬಗೆ) 138 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಅಷ್ಟು ಭಾರವನ್ನು ಬರೀ ಕಾಲಿನ ಬಲದಿಂದ ಎತ್ತಲಾಗುವುದಿಲ್ಲ. ಮೇಲೆದ್ದ ಬಾರ್‌ನ ಕೆಳಗೆ ದೇಹ ಚುರುಕಾಗಿ ನುಗ್ಗಿ, ಅಲ್ಲಿ ಗಟ್ಟಿಯಾಗಿ ಕೂರಬೇಕು.

ಆದ್ದರಿಂದ ಸ್ಕ್ವಾಟ್‌ನ ಅಂಕಿಯನ್ನು ಬದಿಗಿಡಿ. ಪಾದದ ಕೀಲಿನ ಬಿಗಿತ ತಿಳಿಯಲು, ತಮ್ಮ ಕಾಲಿನ ಹೆಬ್ಬೆರಳನ್ನು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರವಿಟ್ಟು, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ಮುಟ್ಟಿಸಲಿ. ಎರಡೂ ಕಾಲುಗಳನ್ನು ಹೋಲಿಸಿ ನೋಡಿ. ಬಳಿಕ ಕೋಲೊಂದನ್ನು ಅಗಲವಾಗಿ ಹಿಡಿದು, ತಲೆಯ ಮೇಲೆತ್ತಿ, ಪೂರ್ತಿ ಕೂರಲಿ. ಕೋಲು ಪಾದದ ನಡುಭಾಗದ ನೇರಕ್ಕೇ ಇರುತ್ತದೆಯೇ ಎಂಬುದನ್ನು ಪಕ್ಕದಿಂದ ಗಮನಿಸಿ. ಮುಂದೆ ಹೋದರೆ ಹಿಮ್ಮಡಿಯ ಕೆಳಗೆ ತೆಳ್ಳಗಿನ ಹಲಗೆ ಇಟ್ಟು ಮತ್ತೆ ಕೂರಿಸಿ: ಸರಿಹೋದರೆ ತೊಡಕಿರುವುದು ಬಹುಮಟ್ಟಿಗೆ ಪಾದದ ಕೀಲಿನಲ್ಲಿ, ಇಲ್ಲವಾದರೆ ಸೊಂಟ, ಬೆನ್ನಿನ ಮೇಲ್ಭಾಗ ಮತ್ತು ಹೆಗಲನ್ನು ನೋಡಬೇಕು.

ಇದರಲ್ಲಿ ಸೋತರೆ ಆರಂಭಿಸಲೇಬಾರದು ಎಂದಲ್ಲ. ಸಿದ್ಧನೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಆಳದವರೆಗೆ ಸಿದ್ಧ ಎಂದು ಕೇಳಿ. ಪೂರ್ತಿ ಕೂರಲಾಗದ ಹುಡುಗನೂ ಖಾಲಿ ಬಾರ್ ಅನ್ನು ತೊಡೆಯ ಮಟ್ಟದಿಂದ ಎಳೆದು, ಅರ್ಧ ಮಾತ್ರ ಕೂತು ಹಿಡಿಯುವುದನ್ನು ಕಲಿಯಬಹುದು. ಪಾದದ ಬಿಗಿತ ಸಡಿಲಿಸುವ ವ್ಯಾಯಾಮವೂ ಜೊತೆಗೇ ನಡೆಯಲಿ. ಕಬಡ್ಡಿಯಲ್ಲಿ ಮೊಣಕೈಗೆ ಪೆಟ್ಟಾಗಿದ್ದರೆ ಅದನ್ನೂ ಪರೀಕ್ಷಿಸಿ, ಏಕೆಂದರೆ ಬಗ್ಗಿದ ಮೊಣಕೈಯಲ್ಲಿ ಬಾರ್ ಹಿಡಿದು ಆಮೇಲೆ ಒತ್ತಿ ನೇರಮಾಡಿದರೆ ತೀರ್ಪುಗಾರರು ಆ ಎತ್ತುವಿಕೆಯನ್ನು ಒಪ್ಪುವುದಿಲ್ಲ. ಕೈ ನೇರವಾಗುವುದೇ ಇಲ್ಲವೆಂದಾದರೆ ಅದನ್ನು ಸ್ಪರ್ಧೆಗೆ ಮೊದಲೇ ಅವರಿಗೆ ತೋರಿಸಬೇಕಾಗುತ್ತದೆ.