‘ಸಿಬರಿಟಿಕ್’ ಎಂಬ ವಿಶೇಷಣದ ಮೂಲ

ಪ್ರಶ್ನೆ: ಇಂಗ್ಲಿಷ್ ಲೇಖನವೊಂದರಲ್ಲಿ ಒಬ್ಬ ಶ್ರೀಮಂತನ ಜೀವನವನ್ನು ‘ಸಿಬರಿಟಿಕ್’ ಎಂದು ವರ್ಣಿಸಿದ್ದರು. ಈ ಪದ ಒಂದು ಊರಿನ ಹೆಸರಿನಿಂದ ಹುಟ್ಟಿದ್ದೆಂದು ಕೇಳಿದ್ದೇನೆ. ಅದು ಯಾವ ಊರು? ಪದದ ಸರಿಯಾದ ಅರ್ಥವೇನು?

ಉತ್ತರ: ಆ ಊರು ಸಿಬಾರಿಸ್. ಕ್ರಿ.ಪೂ. 720ರ ಸುಮಾರಿಗೆ ಗ್ರೀಕ್ ವಲಸಿಗರು ದಕ್ಷಿಣ ಇಟಲಿಯ ಟಾರಂಟೊ ಕೊಲ್ಲಿಯ ದಂಡೆಯಲ್ಲಿ, ಎರಡು ನದಿಗಳ ನಡುವಣ ಫಲವತ್ತಾದ ಬಯಲಿನಲ್ಲಿ ಇದನ್ನು ಕಟ್ಟಿದರು. ಬೇಸಾಯ ಮತ್ತು ವ್ಯಾಪಾರದಿಂದ ನಗರವು ಅಪಾರ ಸಂಪತ್ತು ಗಳಿಸಿತು. ಅಲ್ಲಿಯ ನಿವಾಸಿಯನ್ನು ಸೂಚಿಸುವ ಗ್ರೀಕ್ ಪದದಿಂದ ಹುಟ್ಟಿದ ವಿಶೇಷಣವು ಲ್ಯಾಟಿನ್ ಮೂಲಕ ಸಾಗಿ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ‘ಭೋಗಲೋಲುಪ’ ಎಂಬುದು ಇದಕ್ಕೆ ಹೊಂದುವ ಕನ್ನಡ ಪದ. ‘ಐಷಾರಾಮಿ’ ಎಂದರೆ ಸಾಲದು, ಏಕೆಂದರೆ ಮೂಲದಲ್ಲಿರುವ ಆಕ್ಷೇಪದ ಧ್ವನಿ ಅದರಲ್ಲಿಲ್ಲ.

ಆ ಆಕ್ಷೇಪವನ್ನು ಬೆಳೆಸಿದ್ದು ಪ್ರಾಚೀನರು ಹೇಳಿದ ಕಥೆಗಳು. ನಿದ್ದೆಗೆ ಭಂಗ ಬಾರದಿರಲೆಂದು ಸಿಬಾರಿಸ್‌ನವರು ಕಮ್ಮಾರರನ್ನೂ ಬಡಗಿಗಳನ್ನೂ ಊರಿನಿಂದ ದೂರವಿಟ್ಟಿದ್ದರಂತೆ, ಹುಂಜ ಸಾಕುವುದನ್ನೂ ನಿಷೇಧಿಸಿದ್ದರಂತೆ. ಹೊಸ ಭಕ್ಷ್ಯವನ್ನು ಕಂಡುಹಿಡಿದ ಅಡುಗೆಯವನಿಗೆ ಒಂದು ವರ್ಷದವರೆಗೆ ಅದನ್ನು ತಯಾರಿಸುವ ಏಕಸ್ವಾಮ್ಯ ಕೊಡುತ್ತಿದ್ದರಂತೆ. ಔತಣಗಳಲ್ಲಿ ಕೊಳಲಿನ ನಾದಕ್ಕೆ ಕುಣಿಯಲು ಕಲಿತಿದ್ದ ಅವರ ಕುದುರೆಗಳು, ಯುದ್ಧದಲ್ಲಿ ಶತ್ರುಗಳು ಅದೇ ರಾಗವನ್ನು ನುಡಿಸಿದಾಗ ಸವಾರರ ಮಾತು ಕೇಳದೆ ಕುಣಿಯತೊಡಗಿದವೆಂಬ ಕಥೆಯೂ ಇದೆ.

ಆದರೆ ಇವುಗಳನ್ನು ಇತಿಹಾಸವೆಂದು ಒಪ್ಪುವ ಮುನ್ನ ಕಾಲದ ಅಂತರವನ್ನು ಗಮನಿಸಲೇಬೇಕು. ನೆರೆಯ ಕ್ರೋಟನ್ ನಗರದವರು ಕ್ರಿ.ಪೂ. 510ರಲ್ಲಿ ಸಿಬಾರಿಸ್ ಅನ್ನು ಸೋಲಿಸಿ, ನದಿಯ ನೀರನ್ನು ಅದರ ಮೇಲೆ ಹರಿಸಿದರೆಂದು ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ. ಈ ಕಥೆಗಳನ್ನೆಲ್ಲ ಒಂದೆಡೆ ಸಂಗ್ರಹಿಸಿಕೊಟ್ಟ ಗ್ರೀಕ್ ಲೇಖಕ ಅಥೀನಿಯಸ್ ಬದುಕಿದ್ದುದು ಕ್ರಿ.ಶ. 200ರ ಆಸುಪಾಸಿನಲ್ಲಿ. ಸಿಬಾರಿಸ್‌ನವರೇ ಬರೆದ ಇತಿಹಾಸ ಯಾವುದೂ ಉಳಿದಿಲ್ಲ. ಭೋಗವೇ ಪತನಕ್ಕೆ ಕಾರಣವೆಂದು ಬೋಧಿಸಲು ಅಳಿದುಹೋದ ಶ್ರೀಮಂತ ನಗರಕ್ಕಿಂತ ಅನುಕೂಲವಾದ ಉದಾಹರಣೆ ಬೇರೊಂದು ಇರಲಿಲ್ಲ, ಅದನ್ನು ಅಲ್ಲಗಳೆಯಲು ಅಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲವೂ ಕಲ್ಪನೆಯೆಂದು ನಾನು ಹೇಳಲಾರೆ. ಆ ಕಾಲಕ್ಕೆ ಹೆಚ್ಚು ಸಮೀಪನಾದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕೂಡ ಸಿಬಾರಿಸ್‌ನ ಸ್ಮಿಂಡಿರಿಡಿಸ್ ಎಂಬುವನನ್ನು ವಿಲಾಸದಲ್ಲಿ ಎಲ್ಲರನ್ನೂ ಮೀರಿಸಿದವನೆಂದು ಬಣ್ಣಿಸಿದ್ದಾನೆ. ಆದರೆ ಸಿಬಾರಿಸ್ ಪತನವಾದಾಗ ದೂರದ ಮಿಲೀಟಸ್ ನಗರದ ಜನ ತಲೆ ಬೋಳಿಸಿಕೊಂಡು ಶೋಕಾಚರಣೆ ಮಾಡಿದರೆಂದು ದಾಖಲಿಸಿದವನೂ ಅವನೇ.