ನಿಮ್ಮ 7:32ರ ಲೋಕಲ್ ಎಂದಾದರೂ ತಪ್ಪಿದೆಯೇ?

ಪತ್ರ: ಸಂಪಾದಕರೇ, ನನಗೆ 47 ವರ್ಷ. ಡೊಂಬಿವಲಿಯಲ್ಲಿ ಮನೆ, ಮುಂಬಯಿಯ ಫೋರ್ಟಿನಲ್ಲಿ ಕೆಲಸ. 22 ವರ್ಷದಿಂದ ಬೆಳಗ್ಗೆ 7:32ರ ಲೋಕಲ್ ರೈಲು. ಶುಗರ್ ಗಡಿಯಲ್ಲಿದೆ, ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದರಿಂದ ಈ ಜನವರಿಯಲ್ಲಿ ಮೂರನೇ ಸಲ ಜಿಮ್ ಸೇರಿದೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು. 23 ದಿನ ಹೋದೆ. ಒಂದು ದಿನ ತಪ್ಪಿತು, ಆಮೇಲೆ ಹೋಗಲೇ ಇಲ್ಲ. ನಿಮಗೆ ಮನಸ್ಸು ಗಟ್ಟಿ ಇಲ್ಲ ಎಂದು ಮನೆಯವಳು ಹೇಳುತ್ತಾಳೆ. ನನಗೂ ಹಾಗೇ ಅನಿಸುತ್ತಿದೆ. ಏನು ಮಾಡಲಿ? ಜಿಮ್ಮಿನವರು ಉಳಿದ ಹಣ ವಾಪಸ್ ಕೊಡುತ್ತಾರೆಯೇ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಮಾರಾಯ್ರೆ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನಸ್ಸು ಗಟ್ಟಿ ಇಲ್ಲ ಎಂದು ಬರೆದ ಮನುಷ್ಯನೇ ನಾಲ್ಕು ಸಾಲು ಮೇಲೆ 22 ವರ್ಷ 7:32ರ ಗಾಡಿ ಹಿಡಿದಿದ್ದೇನೆ ಎಂದು ಬರೆದಿದ್ದಾರೆ. ಜುಲೈ ಮಳೆಯಲ್ಲಿ, ಕುರ್ಲಾದಲ್ಲಿ ಹಳಿ ಮುಳುಗಿದ ದಿನಗಳಲ್ಲಿ, ಹಿಂದಿನ ರಾತ್ರಿ ಮದುವೆ ಊಟ ಮುಗಿಸಿ ಒಂದು ಗಂಟೆಗೆ ಮಲಗಿದ್ದಾಗ ಕೂಡ ನೀವು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೀರಿ ತಾನೆ? ಮನಸ್ಸು ಗಟ್ಟಿ ಇಲ್ಲದವರು ಮಾಡುವ ಕೆಲಸವೇ ಅದು?

ಹಾಗಾದರೆ ಗಾಡಿ ತಪ್ಪದವರಿಗೆ ಜಿಮ್ ಯಾಕೆ ತಪ್ಪಿತು? ಗಾಡಿಗೆ ಒಂದು ಹೊತ್ತು ಇದೆ. ನೀವು ನಿಲ್ಲುವ ಜಾಗ ಇದೆ, ಮೂರನೇ ಡಬ್ಬಿಯೋ ನಾಲ್ಕನೆಯದೋ. ಎಲ್ಲಕ್ಕಿಂತ ಜಾಸ್ತಿ, ಒಳಗೆ ನಿಮ್ಮ ಗ್ರೂಪ್ ಇದೆ. ಮೂವರು ಕೂರುವ ಕಡೆ ನಾಲ್ಕನೆಯವರಿಗೆ ಜಾಗ ಮಾಡಿಕೊಡುವವರು, ಎರಡು ದಿನ ಕಾಣದಿದ್ದರೆ ಫೋನ್ ಮಾಡಿ 'ಏನು, ಊರಿಗೆ ಹೋಗಿದ್ದೀರಾ?' ಎಂದು ಕೇಳುವವರು. ಜಿಮ್ಮಿನಲ್ಲಿ ನಿಮಗೆ ಯಾರು ಕಾಯುತ್ತಿದ್ದರು? ಫೆಬ್ರವರಿಯಲ್ಲಿ ನೀವು ಬರದಿದ್ದಾಗ ಅಲ್ಲಿ ಯಾರಿಗೂ ಬೇಸರವಾಗಿರಲಿಕ್ಕಿಲ್ಲ. ಎಲ್ಲರೂ ಬಂದರೆ ನಿಲ್ಲಲೂ ಜಾಗ ಇರುವುದಿಲ್ಲ.

ಇನ್ನು ಆ 21 ದಿನದ ಕಥೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಮುಖದ ಆಪರೇಷನ್ ಮಾಡಿಸಿಕೊಂಡವರು ಕನ್ನಡಿಯ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂದು ಅದರಲ್ಲಿ ಹೇಳಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕನಿಷ್ಠ' ಉದುರಿಹೋಯಿತು, ಮುಖವೂ ಉದುರಿತು, 21 ಮಾತ್ರ ಉಳಿದು ನಿಮ್ಮ ವಾಟ್ಸಾಪಿಗೆ ಬಂತು. ಮೂಗಿನ ಲೆಕ್ಕವನ್ನು ಕಾಲಿಗೆ ಹಾಕಿದರೆ ಹೇಗೆ?

ನಿಜವಾಗಿ ಎಣಿಸಿ ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು, 2009ರಲ್ಲಿ. 96 ಜನರನ್ನು ಹಿಡಿದು, ದಿನವೂ ಒಂದೇ ಹೊತ್ತಿಗೆ, ತಿಂಡಿ ಆದ ಮೇಲೆ ಎನ್ನುವ ಹಾಗೆ, ಒಂದು ಸಣ್ಣ ಕೆಲಸ ಮಾಡಲು ಹೇಳಿದರು. ಅದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರ ಲೆಕ್ಕ 254ರ ತನಕ ಹೋಯಿತು. ನೀರು ಕುಡಿಯುವಂಥದ್ದು ಬೇಗ ಅಂಟಿತು, ವ್ಯಾಯಾಮ ನಿಧಾನ. ನಿಮಗೆ ಬೇಕಾದ ಮಾತು ಅದರಲ್ಲೇ ಇದೆ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಕಾಣಲಿಲ್ಲ. ನೀವು 24ನೇ ದಿನ ಸೋತೆ ಎಂದುಕೊಂಡಿರಿ. ಸೋತದ್ದು 25ನೇ ದಿನ ಸುಮ್ನೆ ಮಲಗಿದ್ದಕ್ಕೆ.

ನಾನೂ ಇದೇ ಜಾತಿಯವನೇ, ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಹೊಸತರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ನಮ್ಮ ಗಲ್ಲಿಯ ಒಂದು ಜಿಮ್ಮಿಗೆ ವರ್ಷದ ಹಣ ಒಟ್ಟಿಗೆ ಕಟ್ಟಿ, ಹೊಸ ಶೂ, ಹೊಸ ಟವೆಲ್, ನೀರಿನ ಬಾಟಲಿ ತಗೊಂಡು 19 ದಿನ ಹೋದವನು ನಾನು. ಆ ಕಾರ್ಡು ಈಗಲೂ ನನ್ನ ಡಿಕ್ಷನರಿಯಲ್ಲಿ ಪುಟದ ಗುರುತಿಗೆ ಇದೆ. ಆಮೇಲೆ ಮಾಟುಂಗಾದ ಫೈವ್ ಗಾರ್ಡನ್ಸಿನಲ್ಲಿ ಒಂದು ಬೆಳಗ್ಗೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಸಿಕ್ಕಿ, 'ನಾಳೆ ಆರಕ್ಕೆ ಇದೇ ಬೆಂಚು' ಎಂದರು. ಹೋಗದಿದ್ದರೆ ಮುದುಕರು ಚಳಿಯಲ್ಲಿ ಕಾಯುತ್ತಾರಲ್ಲ ಎಂದು ಹೋದೆ. ಹನ್ನೊಂದು ವರ್ಷ ಆಯಿತು, ಆ ಸಂಕೋಚವೇ ನನ್ನ ವ್ಯಾಯಾಮ. ಈಗ ನಾವು ಐದು ಜನ. ನಡೆದಾದ ಮೇಲೆ ಕಿಂಗ್ಸ್ ಸರ್ಕಲ್ಲಿಗೆ ಹೋಗಿ ಫಿಲ್ಟರ್ ಕಾಫಿ, ಒಮ್ಮೊಮ್ಮೆ ಬನ್ಸ್ ಕೂಡ. ಡಾಕ್ಟರ ಲೆಕ್ಕದಲ್ಲಿ ಅದು ತಪ್ಪು. ಬನ್ಸ್ ಇಲ್ಲದಿದ್ದರೆ ಐದರಲ್ಲಿ ಇಬ್ಬರಾದರೂ ಬರುತ್ತಿರಲಿಲ್ಲ ಎನ್ನುವುದು ನನ್ನ ಲೆಕ್ಕ.

ಜಿಮ್ಮಿನವರ ಪರವಾಗಿ ಒಂದು ಮಾತು ಹೇಳಬೇಕು, ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಆ ಎರಡು ದಿನಕ್ಕೆ ಜಿಮ್ ಒಳ್ಳೆಯದೇ. ಆಯಿತು, ಮುಂದೆ ಹೋಗೋಣ.

ಜೆರ್ರಿ ಮಾರಿಸ್ ಎಂಬ ಡಾಕ್ಟರು 1953ರಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನವರನ್ನು ಲೆಕ್ಕ ಹಾಕಿದರು. ದಿನವಿಡೀ ಕೂತೇ ಇರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ. ಡ್ರೈವರ್ ಕೆಲಸಕ್ಕೆ ಬರುವವರೇ ಮೊದಲಿನಿಂದ ದಪ್ಪಗಿದ್ದರೋ ಏನೋ ಎಂಬ ಅನುಮಾನ ಬಂದಾಗ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆಯನ್ನೂ ಹುಡುಕಿ ತೆಗೆದರು ಪುಣ್ಯಾತ್ಮರು. ಅನುಮಾನದಲ್ಲಿ ಸ್ವಲ್ಪ ಹುರುಳೂ ಇತ್ತು. ಆದರೂ ನೋಡಿ, ಆ ಕಂಡಕ್ಟರ್ ಹೊಸ ವರ್ಷಕ್ಕೆ ಶಪಥ ಮಾಡಿ ಮೆಟ್ಟಿಲು ಹತ್ತಿದವನಲ್ಲ. ಮೇಲೆ ಟಿಕೆಟ್ ಕೊಡಬೇಕಿತ್ತು, ಹತ್ತಿದ. ನಮ್ಮ ಮುಂಬಯಿಯ ಸಿಟಿ ಬಸ್ಸು ಓಡಿಸುವ ‘ಬೆಸ್ಟ್’ ಸಂಸ್ಥೆಯ ಡಬಲ್ ಡೆಕ್ಕರಿನಲ್ಲೂ ಹಾಗೇ ಹತ್ತಿಳಿದವರು ಎಷ್ಟು ಜನ! ಆ ಹಳೇ ಡೀಸೆಲ್ ಬಸ್ಸುಗಳು 2023ರ ಸೆಪ್ಟೆಂಬರಿಗೆ ಮುಗಿದವು.

ಮಾರಿಸ್ 99 ವರ್ಷ ಬದುಕಿದರು. ಅವರು ಈ ಮುಂಬಯಿಯ ಫುಟ್‌ಪಾತಿನಲ್ಲಿ ನಡೆದಿದ್ದರೆ ಎಷ್ಟು ಬದುಕುತ್ತಿದ್ದರೋ. ಒಂದು ಕಡೆ ಅಗೆದ ಹೊಂಡ, ಒಂದು ಕಡೆ ನಿಲ್ಲಿಸಿದ ಬೈಕು, ನಡುವೆ ನಾವು. ಪರೇಲ್, ಲಾಲ್‌ಬಾಗ್ ಕಡೆ ಬಟ್ಟೆ ಗಿರಣಿಗಳಿದ್ದ ಕಾಲದಲ್ಲಿ ಕೆಲಸಗಾರರ ವ್ಯಾಯಾಮಶಾಲೆಗಳಿದ್ದವು, ನಮ್ಮ ಕಡೆಯ ಗರಡಿಮನೆ ಇದ್ದ ಹಾಗೆ. ಗಿರಣಿಗಳು ಮುಚ್ಚುತ್ತಾ ಬಂದವು. 1991ರ ನಿಯಮದ ಪ್ರಕಾರ ಗಿರಣಿ ಜಮೀನಿನಲ್ಲಿ ಸುಮಾರು ಮೂರನೇ ಒಂದು ಭಾಗ ಊರಿನ ಬಯಲಿಗೆ ಸಿಗಬೇಕಿತ್ತು. 2001ರಲ್ಲಿ ತಿದ್ದುಪಡಿ ತಂದು ಕಟ್ಟಡವಿಲ್ಲದ ಖಾಲಿ ಜಾಗದಲ್ಲಿ ಮಾತ್ರ ಆ ಪಾಲು ಎಂದರು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಈಗ ಅಲ್ಲಿನ ಗೋಪುರಗಳ ಜಾಹೀರಾತಿನಲ್ಲಿ ಮೇಲಿನ ಮಹಡಿಯ ಜಿಮ್ ತೋರಿಸುತ್ತಾರೆ. ನಡೆಯುವ ನೆಲ ತಗೊಂಡು ನಡೆಯುವ ಮೆಷಿನ್ ಮಾರುವ ವ್ಯಾಪಾರ. ಎದುರಿನ ಚಾಳಿನ (ಸಾಲು ಕೋಣೆಗಳ ಹಳೇ ಕಟ್ಟಡ) ಅಜ್ಜಿ ಎಲ್ಲಿ ನಡೆಯಬೇಕು? ನಮ್ಮ ಕನ್ನಡ ಸಂಘಗಳಿಗೂ ಇದು ತಲೆಗೆ ಹೋಗುವುದಿಲ್ಲ. ವರ್ಷಕ್ಕೊಂದು ಕ್ರೀಡಾಕೂಟ, ಶಾಲು, ಫೋಟೋ. ವಾರಕ್ಕೆ ಮೂರು ದಿನ ಸದಸ್ಯರನ್ನು ಒಟ್ಟಿಗೆ ನಡೆಸಲು ಏನು ಖರ್ಚು?

ಎಲ್ಲಿಗೋ ಹೋದೆ. ನಿಮ್ಮ ವಿಷಯಕ್ಕೆ ಬರುತ್ತೇನೆ. 7:32ರ ಗ್ರೂಪಿನಲ್ಲಿ ಶುಗರ್ ಇರುವವರು ನೀವೊಬ್ಬರೇ ಆಗಿರಲಿಕ್ಕಿಲ್ಲ. ಫೋರ್ಟಿನಲ್ಲೇ ಕೆಲಸ ಇರುವ ಇಬ್ಬರನ್ನು ಹಿಡಿಯಿರಿ. ಸಂಜೆ ಗಾಡಿಗೆ ಮುಂಚೆ ಓವಲ್ ಮೈದಾನದ ಸುತ್ತ ಅರ್ಧ ಗಂಟೆ ಜೋರಾಗಿ ನಡೆಯಿರಿ, ವಾರಕ್ಕೆ ಐದು ದಿನ, 150 ನಿಮಿಷ ಅಲ್ಲಿಗೆ ಸರಿಯಾಯಿತು. ಆಫೀಸಿನ ಶೂ ಬೇಡ, ಒಂದು ಜೊತೆ ಶೂ ಡ್ರಾಯರಿನಲ್ಲೇ ಇರಲಿ. ಜೋರು ಮಳೆ ಬಂದರೆ ನೀವು ಗಾಡಿ ಹತ್ತುವ ಸಿಎಸ್‌ಎಂಟಿ ನಿಲ್ದಾಣದ ಪ್ಲಾಟ್‌ಫಾರ್ಮಿದೆ, 12 ಡಬ್ಬಿಯ ಗಾಡಿ ನಿಲ್ಲುವ ಉದ್ದ ಎಂದರೆ ಸುಮಾರು ಕಾಲು ಕಿಲೋಮೀಟರ್. ಜನರನ್ನು ತಪ್ಪಿಸಿಕೊಂಡು ನಡೆಯುವುದು ನಿಮಗೆ ಹೊಸದೇನೂ ಅಲ್ಲವಲ್ಲ. ಮನೆಗೆ ಒಂದು ಗಾಡಿ ತಡ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ. ವ್ಯಾಯಾಮ ಶುರು ಮಾಡುವಾಗ ಆ ಡಾಕ್ಟರಿಗೂ ಒಂದು ಮಾತು ಹೇಳಿ.

ಹಣದ ವಿಷಯ ಕೇಳಿದ್ದೀರಿ. ನನಗಂತೂ ವಾಪಸ್ ಕೊಡಲಿಲ್ಲ.