ನಾಗರಿಕ ಸೇನೆಗಳು ಯುದ್ಧದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತವೆಯೇ?
ಬರುತ್ತವೆ, ಮಿತಿ ಅರಿತು ಬಳಸಿದರೆ. ರೈತರು, ಕಸುಬುದಾರರು ತಾವೇ ಆಯುಧ ಹಿಡಿದು ಕಟ್ಟಿಕೊಳ್ಳುವ ಪಡೆಯಿದು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೊದಲ ದಿನ, 1775ರ ಏಪ್ರಿಲ್ 19ರಂದು, ಲೆಕ್ಸಿಂಗ್ಟನ್, ಕಾಂಕರ್ಡ್ ಊರುಗಳಲ್ಲಿ ಬ್ರಿಟಿಷರನ್ನು ಎದುರಿಸಿದವರು ಇಂಥವರೇ. ಆದರೆ ಬಯಲಲ್ಲಿ ಮುಖಾಮುಖಿಯಾದರೆ ಚದುರಿ ಓಡುತ್ತಾರೆಂದು ಅಮೆರಿಕದ ಸೇನಾಪತಿ ವಾಷಿಂಗ್ಟನ್ ಬೇಸರಪಟ್ಟಿದ್ದರು. 1781ರಲ್ಲಿ ಕೌಪೆನ್ಸ್ ಕದನದಲ್ಲಿ ಅಮೆರಿಕದ ಸೇನಾನಿ ಡೇನಿಯಲ್ ಮಾರ್ಗನ್ ಈ ದೌರ್ಬಲ್ಯವನ್ನೇ ತಂತ್ರವಾಗಿಸಿದರು: ಎರಡು ಸುತ್ತು ಗುಂಡು ಹಾರಿಸಿ ಹಿಂದೆ ಸರಿದರೆ ಸಾಕೆಂದರು. ಓಡುತ್ತಿದ್ದಾರೆಂದು ನಂಬಿ ನುಗ್ಗಿದ ಬ್ರಿಟಿಷರು ಹಿಂದೆ ನಿಂತಿದ್ದ ನುರಿತ ಸೈನಿಕರ ಕೈಗೆ ಸಿಕ್ಕಿಬಿದ್ದರು. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2022ರಲ್ಲಿ ಉಕ್ರೇನ್‌ನ ಪ್ರಾದೇಶಿಕ ರಕ್ಷಣಾ ಪಡೆಗೆ ಸೇರಿದ ಸಾವಿರಾರು ಸ್ವಯಂಸೇವಕರು ರಸ್ತೆ ತಪಾಸಣೆ, ಊರಿನ ಕಾವಲು ಹೊತ್ತರು. ಅವರು ಸೇನೆಯ ಅಧೀನದಲ್ಲಿದ್ದರು ಎಂಬುದು ಮುಖ್ಯ. ಹಿಡಿತವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಕೊಲಂಬಿಯಾ ಸಾಕ್ಷಿ: ಗೆರಿಲ್ಲಾಗಳ ವಿರುದ್ಧ ಆತ್ಮರಕ್ಷಣೆಯ ಹೆಸರಲ್ಲಿ ಹುಟ್ಟಿದ ಗುಂಪುಗಳು ಹಳ್ಳಿಗರನ್ನೇ ಕೊಂದವು, ಮಾದಕವಸ್ತು ದಂಧೆಗಿಳಿದವು.

ಕಾನೂನಿನ ಮಾತು: 1949ರ ಜಿನೀವಾ ಒಪ್ಪಂದದಂತೆ ಸೇನೆಯ ಭಾಗವಲ್ಲದ ಸ್ವಯಂಸೇವಕ ಪಡೆಗಳವರಿಗೆ ಯುದ್ಧಕೈದಿಯ ರಕ್ಷಣೆ ಸಿಗಬೇಕಾದರೆ ಹೊಣೆ ಹೊರುವ ನಾಯಕನಿರಬೇಕು, ದೂರದಿಂದಲೇ ಕಾಣುವ ಗುರುತಿರಬೇಕು, ಆಯುಧವನ್ನು ಬಹಿರಂಗವಾಗಿ ಹಿಡಿದಿರಬೇಕು, ಯುದ್ಧನಿಯಮಗಳನ್ನು ಪಾಲಿಸಬೇಕು.